ಪಂಡಿತಾ ರಮಾಬಾಯಿ: ವಿದ್ಯೆಯೊಡನೆ ಕಸುಬು

ಪಂಡಿತಾ ರಮಾಬಾಯಿಯವರ ಪಾಂಡಿತ್ಯವನ್ನು ಕೊಂಡಾಡದವರು ವಿರಳ. ಆದರೆ ಅನಾಥ ಸ್ತ್ರೀಯರ ಕೈಗೆ ಅವರು ಕೊಟ್ಟ ಕಸುಬುಗಳ ವಿಷಯವನ್ನು ಬಲ್ಲವರು ಕಡಿಮೆ. ಹೆಣ್ಣುಮಕ್ಕಳ ವಿದ್ಯೆಯ ಬಗೆಗೆ ಯೋಚಿಸುವ ತಂದೆತಾಯಿಗಳು ಅದನ್ನು ಅವಶ್ಯವಾಗಿ ತಿಳಿಯತಕ್ಕದ್ದು.

ರಮಾಬಾಯಿಯವರು 1858ನೆಯ ಇಸವಿಯಲ್ಲಿ ಪಶ್ಚಿಮಘಟ್ಟದ ಗಂಗಾಮೂಲದ ಅರಣ್ಯದಲ್ಲಿ ಜನಿಸಿದರು. ತಂದೆ ಅನಂತಶಾಸ್ತ್ರಿ ಡೋಂಗರೆಯವರು ಸ್ವಜನರ ವಿರೋಧವನ್ನು ಲೆಕ್ಕಿಸದೆ ಪತ್ನಿಯಾದ ಲಕ್ಷ್ಮೀಬಾಯಿಯವರಿಗೆ ಸಂಸ್ಕೃತವನ್ನು ಕಲಿಸಿದ್ದರು. ಆ ತಾಯಿಯೇ ಮಗಳಿಗೆ ಗುರುವಾದರು. ಕುಟುಂಬವು ಊರೂರು ತಿರುಗಿ ಪುರಾಣಪಠಣದಿಂದ ಜೀವಿಸುತ್ತಿತ್ತು. 1870ರ ದಶಕದ ಕ್ಷಾಮದಲ್ಲಿ ದಾನ ಕೊಡುವ ಕೈಗಳು ಬರಿದಾದವು. ಶಾಸ್ತ್ರವೊಂದನ್ನುಳಿದು ಹೊಟ್ಟೆ ಹೊರೆಯುವ ಬೇರೆ ಉದ್ಯೋಗವನ್ನು ಆ ಮನೆಯವರು ಅರಿತಿರಲಿಲ್ಲ. ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ಮಡಿದರು.

ಅಣ್ಣನೊಡನೆ ಕಾಲ್ನಡಿಗೆಯಿಂದ ದೇಶವನ್ನು ಸುತ್ತಿ 1878ರಲ್ಲಿ ಕಲಕತ್ತೆಯನ್ನು ಸೇರಿದಾಗ, ಅಲ್ಲಿಯ ವಿದ್ವಾಂಸರು ಅವರಿಗೆ ಪಂಡಿತಾ, ಸರಸ್ವತೀ ಎಂಬ ಬಿರುದುಗಳನ್ನಿತ್ತರು. 1880ರಲ್ಲಿ ಬಂಗಾಲದ ವಕೀಲರೊಬ್ಬರೊಡನೆ ವಿವಾಹವಾಯಿತು. 1882ರಲ್ಲಿ ಎಳೆಗೂಸು ಮನೋರಮೆಯೊಡನೆ ವಿಧವೆಯಾದರು. ಅದೇ ವರ್ಷ ಹಂಟರ್ ಶಿಕ್ಷಣ ಆಯೋಗದ ಮುಂದೆ ನಿಂತು, ಸ್ತ್ರೀಯರನ್ನು ಉಪಾಧ್ಯಾಯಿನಿಯರನ್ನಾಗಿಯೂ ವೈದ್ಯೆಯರನ್ನಾಗಿಯೂ ಸಿದ್ಧಗೊಳಿಸಬೇಕೆಂದು ವಾದಿಸಿದರು. 1883ರಲ್ಲಿ ಇಂಗ್ಲೆಂಡಿಗೆ ಹೋಗಿ ಕ್ರಿಸ್ತಮತವನ್ನು ಸ್ವೀಕರಿಸಿದರು. ಅಮೇರಿಕೆಯ ಸಹಾಯವನ್ನು ದೊರಕಿಸಿಕೊಂಡು 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. ಮರುವರ್ಷ ಅದು ಪುಣೆಗೆ ಬಂದಿತು.

1896–97ರ ಕ್ಷಾಮದಲ್ಲಿ ಅವರು ಮಧ್ಯಪ್ರಾಂತಕ್ಕೆ ಹೋಗಿ ನೂರಾರು ಬಾಲಿಕೆಯರನ್ನು ಕರೆತಂದು, ಪುಣೆ ಜಿಲ್ಲೆಯ ಕೇಡಗಾಂವದ ಮುಕ್ತಿ ಸದನದಲ್ಲಿ ಆಶ್ರಯವಿತ್ತರು. 1900ರ ವೇಳೆಗೆ ಅಲ್ಲಿ 1,500ಕ್ಕೂ ಹೆಚ್ಚು ಮಂದಿ ಇದ್ದರು. ಇಷ್ಟು ಜನರಿಗೆ ಬರಿಯ ಅನ್ನವಿಟ್ಟರೆ ಸಾಲದೆಂಬುದನ್ನು ಹಸಿವನ್ನು ಕಂಡಿದ್ದ ರಮಾಬಾಯಿಯವರು ಬಲ್ಲವರಾಗಿದ್ದರು. ಬಾವಿಗಳನ್ನು ತೋಡಿಸಿ ಬೇಸಾಯ ಮಾಡಿಸಿದರು. ಅಕ್ಷರಾಭ್ಯಾಸದ ಜೊತೆಗೆ ನೇಯ್ಗೆ, ಹೊಲಿಗೆ, ಹೈನ, ಎಣ್ಣೆ ತೆಗೆಯುವುದು, ಅಚ್ಚುಕೂಟದ ಕೆಲಸ ಇವೆಲ್ಲ ನಡೆದವು. ಅಂಧರೂ ಬ್ರೈಲ್ ಲಿಪಿಯನ್ನು ಕಲಿತರು. ರಮಾಬಾಯಿಯವರೇ ಮರಾಠಿಗೆ ಭಾಷಾಂತರಿಸಿದ ಬೈಬಲಿನ ಮೊಳೆಗಳನ್ನು ಜೋಡಿಸಿದವರೂ ಈ ಸ್ತ್ರೀಯರೇ. ಅನೇಕರು ಉಪಾಧ್ಯಾಯಿನಿಯರಾಗಿ, ದಾದಿಯರಾಗಿ ಸ್ವಂತ ಸಂಪಾದನೆಗೆ ತೊಡಗಿದರು. ಕನ್ನಡನಾಡಿನ ಕಲಬುರ್ಗಿಯಲ್ಲಿಯೂ 1912ರ ಸುಮಾರಿಗೆ ಮಗಳು ಮನೋರಮಾಬಾಯಿಯವರ ನೆರವಿನಿಂದ ಶಾಲೆಯೊಂದು ಆರಂಭವಾಯಿತು.

1921ರಲ್ಲಿ ಆ ಮಗಳನ್ನು ಕಳೆದುಕೊಂಡ ರಮಾಬಾಯಿಯವರು, 1922ರ ಏಪ್ರಿಲ್ 5ರಂದು ತಾವೂ ದೈವಾಧೀನರಾದರು. ಅವರ ಸಂಸ್ಥೆಯು ಇಂದಿಗೂ ನಡೆಯುತ್ತಿದೆ.

ನಮ್ಮ ಮಂಗಸೂಳಿ, ಅಥಣಿಯ ಕಡೆಗೆ ಹೆಂಗಸರು ದುಡಿಯದ ದಿನವಿಲ್ಲ. ಹೊಲದ ಕಳೆ, ಮನೆಯ ಹೈನ, ಒಲೆಯ ಕೆಲಸ ಎಲ್ಲವೂ ಅವರವೇ. ಆದರೆ ಸ್ವಂತ ಹೊಲಮನೆಯಲ್ಲಿ ಮಾಡಿದ ಆ ದುಡಿಮೆಯನ್ನು ಯಾರೂ ಗಳಿಕೆಯೆಂದು ಎಣಿಸುವುದಿಲ್ಲ. ಕಸುಬು ಬಲ್ಲ ಮಗಳ ಸಂಬಳವಾದರೋ ಮನೆಯ ಲೆಕ್ಕಕ್ಕೂ ಬರುತ್ತದೆ, ಊರ ಪೇಟೆಗೂ ಸಲ್ಲುತ್ತದೆ. ಮಳೆ ತಪ್ಪಿದ ವರ್ಷದಲ್ಲಿ ಒಲೆಯನ್ನು ಆರಗೊಡುವುದಿಲ್ಲ. ಆದುದರಿಂದ ಪಾಲಕರು ತಮ್ಮ ಕುವರಿಯರನ್ನು ಅರ್ಧದಲ್ಲಿ ಶಾಲೆ ಬಿಡಿಸದೆ, ಜೀವನಕ್ಕೆ ಸಾಕಾಗುವ ವಿದ್ಯೆಯೊಂದು ಕೈವಶವಾಗುವವರೆಗೆ ಕಲಿಸಬೇಕು.