ಅಹ್ಮದ್ ಖಾನ್ ಯಾರ ಊರಿನವರು?

2017ರ ಆಗಸ್ಟ್ 27ರಂದು ಅಹ್ಮದ್ ಖಾನ್ ಬೆಂಗಳೂರಿನಲ್ಲಿ ನಿಧನರಾದರು. ಆಗ ಅವರಿಗೆ ತೊಂಬತ್ತು ವರ್ಷ. ಎರಡು ಒಲಿಂಪಿಕ್ಸ್‌ಗಳಲ್ಲಿ ಭಾರತದ ಪರವಾಗಿ ಆಡಿದ ಈ ಫುಟ್‌ಬಾಲ್ ಆಟಗಾರನ ಅಗಲಿಕೆಗೆ ಕೋಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ಬಿನ ಅಭಿಮಾನಿಗಳು ಮನೆಯ ಹಿರಿಯನನ್ನು ಕಳೆದುಕೊಂಡವರಂತೆ ಮರುಗಿದರು. ಬೆಂಗಳೂರಿನ ನನ್ನ ಬಡಾವಣೆಯಲ್ಲಿ ಮಾತ್ರ ಬೆಳಗಿನ ವಾಯುವಿಹಾರದ ಗೆಳೆಯರು ಅವರು ಯಾರೆಂದು ನನ್ನನ್ನೇ ಕೇಳಿದರು. ಎಲ್ಲರೂ ವಿದ್ಯಾವಂತರು, ಪತ್ರಿಕೆ ಓದುವವರು.

ನನಗೆ ಆ ಹೆಸರು ಗೊತ್ತಿದ್ದುದು ಬೆಂಗಳೂರಿನಿಂದಲ್ಲ, ಪುತ್ತೂರು ಸಮೀಪದ ನನ್ನ ಹುಟ್ಟೂರು ನರಿಮೊಗರಿನಿಂದ. ಕೊಯ್ಲು ಮುಗಿದ ಗದ್ದೆಯಲ್ಲಿ ನಾವು ಹುಡುಗರು ಬರಿಗಾಲಿನಲ್ಲಿ ಚೆಂಡು ಒದೆಯುತ್ತಿದ್ದೆವು. ಬೊಂಬಾಯಿಯ ಹೋಟೆಲೊಂದರಲ್ಲಿ ದುಡಿದು ಹಿಂದಿರುಗಿದ್ದ ನನ್ನ ಸೋದರಮಾವ ಗದ್ದೆಯ ಹುಣಿಯ ಮೇಲೆ ಕುಳಿತು ನೋಡುತ್ತಿದ್ದರು. 1949ರ ರೋವರ್ಸ್ ಕಪ್ ಪಂದ್ಯಗಳನ್ನು ಕೂಪರೇಜ್ ಮೈದಾನದಲ್ಲಿ ಕಂಡವರು ಅವರು. ಬರಿಗಾಲಿನ ಅಹ್ಮದ್ ಖಾನರ ಪಾದಕ್ಕೆ ಚೆಂಡು ಅಂಟಿಕೊಂಡಂತಿರುತ್ತಿದ್ದುದನ್ನು ಮತ್ತೆ ಮತ್ತೆ ವರ್ಣಿಸುತ್ತಿದ್ದರು. ಅವರು ಆ ಆಟ ಕಂಡ ಕಾಲಕ್ಕೆ ನಮ್ಮ ಊರು ಮದ್ರಾಸ್ ಪ್ರಾಂತ್ಯದಲ್ಲಿತ್ತು, ಬೆಂಗಳೂರು ಮೈಸೂರು ರಾಜ್ಯದಲ್ಲಿತ್ತು. ಆದರೂ ಮಾವನ ಲೆಕ್ಕದಲ್ಲಿ ಅಹ್ಮದ್ ಖಾನ್ ನಮ್ಮವರೇ.

1926ರ ಡಿಸೆಂಬರ್ 24ರಂದು ಬೆಂಗಳೂರಿನಲ್ಲಿ ಜನಿಸಿದ ಅಹ್ಮದ್ ಖಾನರದು ಫುಟ್‌ಬಾಲನ್ನೇ ಉಸಿರಾಡಿದ ಮನೆತನ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತದ ತಂಡ ಫ್ರಾನ್ಸನ್ನು ಎದುರಿಸಿದಾಗ ಅವರಿಗೆ ಇನ್ನೂ ಇಪ್ಪತ್ತೊಂದು. ನಮ್ಮವರಲ್ಲಿ ಹೆಚ್ಚಿನವರು ಬೂಟು ತೊಟ್ಟಿರಲಿಲ್ಲ. ಎರಡು ಪೆನಾಲ್ಟಿಗಳನ್ನು ಕಳೆದುಕೊಂಡ ಭಾರತ 1-2ರಿಂದ ಸೋತಿತು. ಭಾರತದ ಏಕೈಕ ಗೋಲು ಬೆಂಗಳೂರಿನವರೇ ಆದ ಎಸ್. ರಾಮನ್ ಅವರದು. 1951ರಲ್ಲಿ ದೆಹಲಿಯಲ್ಲಿ ನಡೆದ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಇರಾನನ್ನು ಮಣಿಸಿ ಚಿನ್ನ ಗೆದ್ದ ತಂಡದಲ್ಲಿಯೂ ಅಹ್ಮದ್ ಖಾನ್ ಇದ್ದರು. ಮರುವರ್ಷ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯಾ ಹತ್ತು ಗೋಲು ಹೊಡೆಯಿತು. ಪಂದ್ಯ ಮುಗಿಯುವ ಹೊತ್ತಿಗೆ ಭಾರತದ ಮಾನ ಉಳಿಸಿದ ಒಂದೇ ಗೋಲು ಅಹ್ಮದ್ ಖಾನರದು. ಸೋಲು ನಿಶ್ಚಿತವಾದ ಮೇಲೂ ಆಡುವುದನ್ನು ಬಿಡದ ಮನುಷ್ಯ ಎಂದು ಮಾವ ಈ ಪ್ರಸಂಗವನ್ನು ನಮಗೆ ಪಾಠದಂತೆ ಹೇಳುತ್ತಿದ್ದರು.

1949ರಲ್ಲಿ ಅವರು ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿದ್ದರು. ಅಪ್ಪಾರಾವ್, ಧನರಾಜ್, ಸಾಲೆ, ವೆಂಕಟೇಶ್ ಮತ್ತು ಅಹ್ಮದ್ ಖಾನ್, ಈ ಐವರನ್ನು ಅಲ್ಲಿನ ಜನ ಪಂಚಪಾಂಡವರೆಂದು ಕರೆದರು. ಐವರೂ ದಕ್ಷಿಣ ಭಾರತೀಯರು. 1949ರಿಂದ 1951ರವರೆಗೆ ಸತತ ಮೂರು ವರ್ಷ ಐಎಫ್ಎ ಶೀಲ್ಡ್ ಕ್ಲಬ್ಬಿನ ಪಾಲಾಯಿತು. ಆಗ ಗ್ಯಾಲರಿಯಲ್ಲಿದ್ದವರಲ್ಲಿ ಅನೇಕರು ದೇಶವಿಭಜನೆಯಿಂದ ಮನೆ, ಹೊಲ ಕಳೆದುಕೊಂಡು ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರು. ಊರು ಕಳೆದುಕೊಂಡ ಆ ಜನ ಬೆಂಗಳೂರಿನ ಹುಡುಗನೊಬ್ಬನನ್ನು ತಮ್ಮೂರಿನವನನ್ನಾಗಿ ಮಾಡಿಕೊಂಡರು. ಅವರ ಮಕ್ಕಳು, ಮೊಮ್ಮಕ್ಕಳು ಆ ಹೆಸರನ್ನು ಕಾಪಾಡಿಕೊಂಡು ಬಂದರು. ಊರನ್ನು ಕಳೆದುಕೊಳ್ಳದ ನಾವು ಅದನ್ನು ಮರೆತೆವು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಇದಕ್ಕೊಂದು ವಿವರಣೆ ಕೊಡಬಲ್ಲೆ. ಪ್ರೇಕ್ಷಕರು, ಕ್ಲಬ್ಬುಗಳು, ಪತ್ರಿಕೆಗಳು ಇದ್ದದ್ದು ಕಲ್ಕತ್ತೆಯಲ್ಲಿ. ಕರಾವಳಿಯ ಹುಡುಗರು ಬೊಂಬಾಯಿಯ ಹೋಟೆಲುಗಳಿಗೆ ಹೋದಂತೆ ಆಟಗಾರ ಅಲ್ಲಿಗೆ ಹೋದ. ಆದರೆ ಈ ವಿವರಣೆ ನನ್ನದೇ ಒಂದು ತಪ್ಪನ್ನು ಮುಚ್ಚುವುದಿಲ್ಲ. ಸೇವೆಯಲ್ಲಿದ್ದಾಗ ವಯೋವೃದ್ಧ ಆಟಗಾರರೊಬ್ಬರ ಸಹಾಯಧನದ ಅರ್ಜಿ ನನ್ನ ಮೇಜಿಗೆ ಬಂದಿತ್ತು. ಆಡಿದ್ದಕ್ಕೆ ಮೂಲ ಪ್ರಮಾಣಪತ್ರ ಲಗತ್ತಿಸಿಲ್ಲವೆಂದು ನಾನು ಆಕ್ಷೇಪಣೆ ಬರೆದು ಕಡತ ಹಿಂದಿರುಗಿಸಿದೆ. ನಿಯಮದ ಪ್ರಕಾರ ಅದು ಸರಿಯೇ. ಆದರೆ ಐವತ್ತರ ದಶಕದಲ್ಲಿ ಬರಿಗಾಲಿನಲ್ಲಿ ಆಡಿದವರಿಗೆ ಪ್ರಮಾಣಪತ್ರ ಕೊಟ್ಟವರು ಯಾರು? ಅರ್ಜುನ ಪ್ರಶಸ್ತಿಯೇ ಆರಂಭವಾದದ್ದು 1961ರಲ್ಲಿ. ಆ ಕಡತ ಮತ್ತೆ ನನ್ನ ಮುಂದೆ ಬರಲಿಲ್ಲ. ಅರ್ಜಿದಾರರು ಕೆಲವೇ ತಿಂಗಳಲ್ಲಿ ತೀರಿಕೊಂಡರೆಂದು ನಂತರ ತಿಳಿಯಿತು.

ಅಹ್ಮದ್ ಖಾನರಿದ್ದ ನಗರದಲ್ಲಿಯೇ ನಾನು ದಶಕಗಳ ಕಾಲ ಇದ್ದೆ. ಒಮ್ಮೆಯೂ ಹೋಗಿ ನೋಡಲಿಲ್ಲ. ಮಾವ ಇದ್ದಿದ್ದರೆ ಮೊದಲ ರಾತ್ರಿಬಸ್ಸಿಗೇ ಹೊರಟುಬಿಡುತ್ತಿದ್ದರು.

2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು ಸೋಲಿಸಿ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದಾಗ ಎಲ್ಲರಂತೆ ನಾನೂ ಸಂಭ್ರಮಿಸಿದೆ. ಹಿಂದಿನ ಗೆಲುವು 1968-69ರದು. ಅಂದು ಆಡಿದವರಿಗೆ ಈಗ ಎಪ್ಪತ್ತು ದಾಟಿದೆ. ಅವರ ಮನೆಬಾಗಿಲಿಗೆ ಹೋಗಿ ಹೆಸರು ಬರೆದುಕೊಂಡು, ಅವರಾಗಿ ಅರ್ಜಿ ಹಾಕುವ ಮೊದಲೇ ಸಲ್ಲಬೇಕಾದುದನ್ನು ಸಲ್ಲಿಸುವುದು ಸರ್ಕಾರಕ್ಕೆ ದೊಡ್ಡ ಖರ್ಚಿನ ಕೆಲಸವಲ್ಲ. ಕಡತಕ್ಕೆ ಟಿಪ್ಪಣಿ ಬರೆಯುವ ಅಧಿಕಾರ ಈಗ ನನಗಿಲ್ಲ. ಅದು ಇರುವವರು ದಯವಿಟ್ಟು ತಡಮಾಡದಿರಲಿ.