ಅಂತ್ಯಕಾಲದ ಬಂಧು: ರೋಸ್ ಹಾಥಾರ್ನ್

ರೋಗಿಯು ಗುಣಹೊಂದಿ ಮನೆಗೆ ನಡೆದುಹೋದರೆ ವೈದ್ಯನಿಗೂ ಕೀರ್ತಿ, ದಾದಿಗೂ ಕೀರ್ತಿ. ಗುಣವಾಗುವ ಆಸೆಯೇ ಇಲ್ಲದ ರೋಗಿಯ ಹಾಸಿಗೆಯ ಬಳಿ ಅಂಥ ಕೀರ್ತಿ ದೊರೆಯುವುದಿಲ್ಲ. ಔಷಧವು ಸೋತಮೇಲೆ ಮಾಡತಕ್ಕದ್ದೇನೂ ಉಳಿದಿಲ್ಲವೆಂದು ಲೋಕವು ಮುಖ ತಿರುಗಿಸುವುದೇ ಹೆಚ್ಚು. ತನ್ನ ಕೆಲಸ ಮೊದಲಾಗುವುದೇ ಅಲ್ಲಿಂದ ಎಂದು ತಿಳಿದು, ಮೂವತ್ತು ವರ್ಷಗಳ ಕಾಲ ಬಡ ಅರ್ಬುದ ರೋಗಿಗಳ ನಡುವೆ ಬಾಳಿದ ಮಹಿಳೆಯೊಬ್ಬರು ಅಮೆರಿಕದಲ್ಲಿ ಆಗಿಹೋದರು. ಅವರೇ ರೋಸ್ ಹಾಥಾರ್ನ್.

ಇಂಗ್ಲಿಷ್ ಸಾಹಿತ್ಯವನ್ನು ಓದುವ ವಿದ್ಯಾರ್ಥಿಗಳಿಗೆ ಹಾಥಾರ್ನ್ ಎಂಬ ಹೆಸರು ಹೊಸದಲ್ಲ. 1850ರಲ್ಲಿ 'ದಿ ಸ್ಕಾರ್ಲೆಟ್ ಲೆಟರ್' ಕಾದಂಬರಿಯನ್ನು ಪ್ರಕಟಿಸಿದ ನಥಾನಿಯಲ್ ಹಾಥಾರ್ನರೇ ರೋಸ್ ಅವರ ತಂದೆ, ತಾಯಿ ಸೋಫಿಯಾ. ಮೂವರು ಮಕ್ಕಳಲ್ಲಿ ಕೊನೆಯವರಾದ ರೋಸ್ ಹುಟ್ಟಿದ್ದು 1851ರ ಮೇ 20ರಂದು, ಮ್ಯಾಸಚೂಸೆಟ್ಸ್ ಪ್ರಾಂತದ ಲೆನಾಕ್ಸ್ ಎಂಬ ಊರಿನಲ್ಲಿ. ತಂದೆಯು ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಅಮೆರಿಕದ ಕಾನ್ಸಲ್ ಆಗಿದ್ದುದರಿಂದ ಅವರ ಬಾಲ್ಯದ ಕೆಲವು ವರ್ಷಗಳು ಅಲ್ಲಿ ಕಳೆದವು.

ಆ ಕಾಲದ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಬಡವರ ಆಶ್ರಮವೊಂದನ್ನು ನೋಡಲು ಹಾಥಾರ್ನರು ಹೋಗಿದ್ದಾಗ, ನೋಡಿದರೆ ಹೇಸಿಗೆ ಹುಟ್ಟಿಸುವಷ್ಟು ರೋಗಪೀಡಿತವಾದ ಒಂದು ಮಗು ಅವರ ಬೆನ್ನುಹತ್ತಿ, ಎತ್ತಿಕೊಳ್ಳಬೇಕೆಂದು ಮುಖ ನೋಡುತ್ತ ನಿಂತಿತು. ಸ್ವಭಾವದಿಂದ ಬಹು ಸಂಕೋಚದವರಾದ ಅವರು ಕ್ಷಣಕಾಲ ಹಿಂಜರಿದು, ಕೊನೆಗೆ ಅದನ್ನು ಎತ್ತಿ ಎದೆಗೆ ಅಪ್ಪಿಕೊಂಡರು. 1863ರ ತಮ್ಮ ಗ್ರಂಥದಲ್ಲಿ ಇದನ್ನು ಬೇರೊಬ್ಬರು ಮಾಡಿದ ಕಾರ್ಯವೆಂಬಂತೆ ಬರೆದರು. ಅವರ ಮರಣಾನಂತರವೇ ನಿಜಸ್ಥಿತಿ ಲೋಕಕ್ಕೆ ತಿಳಿದದ್ದು. ಈ ಪ್ರಸಂಗ ಮಗಳ ಮನಸ್ಸಿನಲ್ಲಿ ಆಳವಾಗಿ ಬೇರೂರಿತು.

ರೋಸ್ ಅವರ ಬಾಳು ಸುಖದ ಹಾದಿಯಾಗಿರಲಿಲ್ಲ. ಹದಿಮೂರು ತುಂಬುವ ಹೊತ್ತಿಗೆ ತಂದೆ ತೀರಿಕೊಂಡರು. 1871ರಲ್ಲಿ ತಾಯಿಯೂ ಹೋದರು. ಅದೇ ವರ್ಷ ಬರಹಗಾರ ಜಾರ್ಜ್ ಪಾರ್ಸನ್ಸ್ ಲೇಥ್ರಪ್‌ರೊಡನೆ ವಿವಾಹವಾಯಿತು. 1876ರಲ್ಲಿ ಹುಟ್ಟಿದ ಒಬ್ಬನೇ ಮಗ 1881ರಲ್ಲಿ ಗಂಟಲಮಾರಿ ರೋಗಕ್ಕೆ ತುತ್ತಾದನು. 1891ರಲ್ಲಿ ಪತಿಪತ್ನಿಯರಿಬ್ಬರೂ ಕ್ಯಾಥೊಲಿಕ್ ಮತವನ್ನು ಸ್ವೀಕರಿಸಿದರು. ಆದರೆ ದಾಂಪತ್ಯವು ನೆಮ್ಮದಿಗೆ ಬರಲಿಲ್ಲ. 1895ರಲ್ಲಿ ಇಬ್ಬರೂ ಬೇರೆಯಾದರು.

ಅರ್ಬುದ ರೋಗವನ್ನು ಅವರು ಹತ್ತಿರದಿಂದ ಕಂಡದ್ದು ಗೆಳತಿಯಾದ ಕವಯಿತ್ರಿ ಎಮ್ಮಾ ಲಾಜರಸ್‌ರಲ್ಲಿ. ಆಕೆ 1887ರಲ್ಲಿ ಅದೇ ರೋಗದಿಂದ ತೀರಿಕೊಂಡರು. ಆದರೆ ಆಕೆ ಶ್ರೀಮಂತರು. ಆರೈಕೆಗೆ ಕೊರತೆ ಇರಲಿಲ್ಲ. ಅನಂತರ ರೋಸ್ ಕೇಳಿದ ಇನ್ನೊಂದು ಕಥೆ ಬೇರೆ ಬಗೆಯದು. ಹೊಲಿಗೆಯಿಂದ ಜೀವಿಸುತ್ತಿದ್ದ ಬಡ ಹೆಂಗಸೊಬ್ಬಳಿಗೆ ಈ ರೋಗ ಬಂದಾಗ ಅವಳಿಗೆ ಉಳಿದದ್ದು ಬ್ಲ್ಯಾಕ್‌ವೆಲ್ ದ್ವೀಪದ ದರಿದ್ರಾಲಯ ಒಂದೇ. ಗುಣವಾಗದೆಂದು ಗೊತ್ತಾದ ನ್ಯೂಯಾರ್ಕಿನ ಬಡ ರೋಗಿಗಳ ಗತಿ ಆಗ ಹೀಗಿತ್ತು. ಈ ರೋಗ ಅಂಟುವುದೆಂಬ ಭಯವೂ ಜನರಲ್ಲಿದ್ದುದರಿಂದ ನೆರೆಯವರು ಹತ್ತಿರ ಸುಳಿಯುತ್ತಿರಲಿಲ್ಲ. ಒಂದೆರಡು ಕೋಣೆಗಳಲ್ಲಿ ಸಂಸಾರವೆಲ್ಲ ತುಂಬಿಕೊಂಡಿರುವಲ್ಲಿ, ದುಡಿದರೆ ಮಾತ್ರ ಊಟವೆಂಬ ಮನೆಯವರು ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವುದಾದರೂ ಹೇಗೆ?

1896ರಲ್ಲಿ, ನಲವತ್ತೈದನೆಯ ವಯಸ್ಸಿನಲ್ಲಿ, ರೋಸ್ ನ್ಯೂಯಾರ್ಕಿನ ಅರ್ಬುದ ಆಸ್ಪತ್ರೆಯಲ್ಲಿ ಕೆಲವು ತಿಂಗಳು ಶುಶ್ರೂಷೆಯ ಕೆಲಸ ಕಲಿತರು. ಬಳಿಕ ನಗರದ ಪೂರ್ವಭಾಗದ ಬಡವರ ಕೇರಿಯಲ್ಲಿ ಬಾಡಿಗೆಗೆ ಕೋಣೆ ಹಿಡಿದು ಅಲ್ಲೇ ನೆಲಸಿದರು. ಮನೆಮನೆಗೆ ಹೋಗಿ ಹುಣ್ಣು ತೊಳೆದು ಪಟ್ಟಿ ಕಟ್ಟಿದರು. ದಿಕ್ಕಿಲ್ಲದವರನ್ನು ತಮ್ಮ ಕೋಣೆಗೇ ಕರೆತಂದರು. ಖರ್ಚಿಗಾಗಿ ಪತ್ರಿಕೆಗಳಿಗೆ ಬರೆದು ಸಹಾಯ ಬೇಡಿದರು. ಸಾಹಿತಿಯ ಮಗಳಿಗೆ ಲೇಖನಿಯು ಹೀಗೆ ಒದಗಿಬಂತು.

ಅವರ ಕಾರ್ಯವನ್ನು ಪತ್ರಿಕೆಯಲ್ಲಿ ಓದಿದ ಚಿತ್ರಕಲಾವಿದೆ ಆಲಿಸ್ ಹ್ಯೂಬರ್ 1897ರ ಕೊನೆಯಲ್ಲಿ ನೋಡಲು ಬಂದರು. ಆ ಕೊಳಕು, ಆ ವಾಸನೆ, ಆ ಹುಣ್ಣುಗಳನ್ನು ಕಂಡು ಅವರ ಮನಸ್ಸು ಹಿಂದೆಗೆಯಿತು. ಆದರೂ ವಾರದಲ್ಲಿ ಒಂದು ಮಧ್ಯಾಹ್ನ ಬರುವೆನೆಂದು ಮಾತುಕೊಟ್ಟರು. 1898ರಲ್ಲಿ ಶಾಶ್ವತವಾಗಿ ಬಂದುಬಿಟ್ಟರು. ಮರುವರ್ಷ ಚೆರ್ರಿ ಬೀದಿಯಲ್ಲಿ ಒಂದು ಮನೆ ದೊರೆಯಿತು. 1900ರಲ್ಲಿ ಇಬ್ಬರೂ ಡೊಮಿನಿಕನ್ ಸಂನ್ಯಾಸಿನಿಯರ ಉಡುಗೆ ಧರಿಸಿದರು. ರೋಸ್ ಅವರಿಗೆ ಅಲ್ಫೋನ್ಸಾ ಎಂಬ ಹೆಸರಾಯಿತು. 1901ರಲ್ಲಿ ನಗರದಿಂದ ಹೊರಗೆ, ಎತ್ತರದ ಬಯಲಿನಲ್ಲಿ 'ರೋಸರಿ ಹಿಲ್' ಎಂಬ ಆಶ್ರಯಧಾಮ ಸಿದ್ಧವಾಯಿತು. ಆ ಊರಿಗೆ ಮುಂದೆ ಹಾಥಾರ್ನ್ ಎಂದೇ ಹೆಸರು ಬಂದಿತು.

ಅವರ ನಿಯಮಗಳು ಕೆಲವೇ, ಆದರೆ ಕಠಿಣ. ರೋಗಿಯು ಬಡವನಾಗಿರಬೇಕು, ರೋಗವು ಗುಣವಾಗದ್ದಾಗಿರಬೇಕು. ಮತ ಯಾವುದೆಂಬ ಪ್ರಶ್ನೆಯಿಲ್ಲ. ರೋಗಿಯಿಂದಾಗಲಿ ಅವನ ಬಂಧುಗಳಿಂದಾಗಲಿ ಒಂದು ಕಾಸೂ ತೆಗೆದುಕೊಳ್ಳಕೂಡದು. ರೋಗಿಗಳ ಮೇಲೆ ಪ್ರಯೋಗ ನಡೆಸಕೂಡದು. ಎಲ್ಲಕ್ಕಿಂತ ಮುಖ್ಯವಾಗಿ, ಹುಣ್ಣು ಎಷ್ಟೇ ಭೀಕರವಾಗಿದ್ದರೂ ದಾದಿಯ ಮುಖದಲ್ಲಿ ಅಸಹ್ಯ ತೋರಬಾರದು. ಈ ಕೊನೆಯ ನಿಯಮದ ಮರ್ಮವನ್ನು ನಾವು ಆಲೋಚಿಸಬೇಕು. ಸಾಯುವವನಿಗೆ ನೋವು ಎಷ್ಟು ದೊಡ್ಡದೋ ತಾನು ಹೇಸಿಗೆಯ ವಸ್ತುವಾದೆನೆಂಬ ಅರಿವೂ ಅಷ್ಟೇ ದೊಡ್ಡದು. ಮೊದಲನೆಯದಕ್ಕೆ ಔಷಧವುಂಟು, ಎರಡನೆಯದಕ್ಕೆ ಇನ್ನೊಬ್ಬ ಮನುಷ್ಯನ ಮುಖವೇ ಔಷಧ. ಹಾಗೆಯೇ, ಹಣ ಕೇಳದ ನಿಯಮದಿಂದ ಮನೆಯವರ ತಲೆಯ ಮೇಲಿನ ಭಾರವೂ ಇಳಿಯುತ್ತಿತ್ತು. ತಾಯಿಯನ್ನೋ ಗಂಡನನ್ನೋ ಕಳೆದುಕೊಳ್ಳುವ ಹೊತ್ತಿನಲ್ಲಿ ಅವರು ಸಾಲಕ್ಕಾಗಿ ಅಲೆಯಬೇಕಾಗಿರಲಿಲ್ಲ.

ರೋಸರಿ ಹಿಲ್‌ನ ಹಳೆಯ ಕಟ್ಟಡ ಮರದ್ದು. ಎದ್ದು ಓಡಲಾರದ ರೋಗಿಗಳಿರುವಲ್ಲಿ ಬೆಂಕಿ ಬಿದ್ದರೆ ಗತಿಯೇನೆಂಬ ಚಿಂತೆ ಮುಪ್ಪಿನಲ್ಲಿ ಅವರನ್ನು ಕಾಡುತ್ತಿತ್ತು. ಬೆಂಕಿಗೆ ಬೆದರದ ಕಟ್ಟಡಕ್ಕಾಗಿ ವಂತಿಗೆ ಬೇಡುವ ಕಾರ್ಯದಲ್ಲಿ ತೊಡಗಿದ್ದಾಗಲೇ, 1926ರ ಜುಲೈ 9ರಂದು ನಿದ್ರೆಯಲ್ಲೇ ಅವರ ಪ್ರಾಣ ಹೋಯಿತು. 1842ರಲ್ಲಿ ತಂದೆತಾಯಿಗಳ ವಿವಾಹ ನಡೆದದ್ದೂ ಇದೇ ತಾರೀಖಿನಂದು. ಕಟ್ಟಡವು ಅವರ ಅನಂತರ ಎದ್ದುನಿಂತಿತು. ಆಲಿಸ್ ಹ್ಯೂಬರ್ ಕಾರ್ಯವನ್ನು ಮುಂದುವರಿಸಿದರು. ಅವರ ಸೋದರಿಯರ ಸಂಘವು ಇಂದಿಗೂ ಅದೇ ನಿಯಮದಂತೆ, ಹಣ ಪಡೆಯದೆ, ಈ ಸೇವೆಯನ್ನು ನಡೆಸುತ್ತಿದೆ.

ಅಂದು ತಂದೆ ಎತ್ತಿಕೊಂಡದ್ದು ಒಂದು ಮಗುವನ್ನು, ಒಂದು ಗಳಿಗೆಯ ಮಟ್ಟಿಗೆ. ಮಗಳು ಅದನ್ನೇ ಬಾಳಿನ ವ್ರತವಾಗಿ ಮಾಡಿಕೊಂಡರು. ರೋಗವನ್ನು ಗೆಲ್ಲುವ ವಿದ್ಯೆ ಎಲ್ಲರಿಗೂ ಬರಲಾರದು. ಸೋತವನ ಬಳಿ ಮುಖ ತಿರುಗಿಸದೆ ಕುಳಿತಿರುವ ವಿದ್ಯೆಯನ್ನಾದರೂ ನಾವು ಕಲಿಯಬಹುದಲ್ಲವೆ? ನಮ್ಮ ನಮ್ಮ ಮನೆಗಳಲ್ಲಿಯೇ ಅದಕ್ಕೆ ಅವಕಾಶ ಒಂದಲ್ಲ ಒಂದು ದಿನ ಒದಗಿಯೇ ಒದಗುತ್ತದೆ.