ಎರಡು ಬೂಟುಗಳ ನಡುವಿನ ಪಟ್ಟಿ: ಕ್ಲಬ್‌ಫೂಟ್ ಬ್ರೇಸ್ ಮತ್ತು ಡಾ. ಡೆನಿಸ್ ಬ್ರೌನ್

ನಿಮ್ಮ ಮಗು ಕ್ಲಬ್‌ಫೂಟ್‌ನೊಂದಿಗೆ ಹುಟ್ಟಿದ್ದರೆ, ಕೊನೆಯ ಪ್ಲಾಸ್ಟರ್ ಬಿಚ್ಚಿದ ದಿನ ವೈದ್ಯರು ನಿಮ್ಮ ಕೈಗೆ ಒಂದು ಜೊತೆ ಪುಟ್ಟ ಬೂಟು ಕೊಡುತ್ತಾರೆ. ಬೂಟುಗಳು ಹೊರಮುಖವಾಗಿ ತಿರುಗಿರುತ್ತವೆ. ಎರಡನ್ನೂ ಒಂದು ಪಟ್ಟಿ ಜೋಡಿಸಿರುತ್ತದೆ. ಚೀಟಿಯಲ್ಲಿ ಅದರ ಹೆಸರು ಹೆಚ್ಚಾಗಿ ಡಿ.ಬಿ. ಸ್ಪ್ಲಿಂಟ್ ಎಂದಿರುತ್ತದೆ. ಡಿ.ಬಿ. ಎಂದರೆ ಡೆನಿಸ್ ಬ್ರೌನ್. 1967ರಲ್ಲಿ ತೀರಿಕೊಂಡ ಈ ಶಸ್ತ್ರವೈದ್ಯರ ಬದುಕನ್ನು ತಿಳಿದರೆ, ಒಂದೇ ಕಾಲಿಗೆ ತೊಂದರೆ ಇರುವಾಗಲೂ ಎರಡೂ ಕಾಲಿಗೆ ಬೂಟು ಏಕೆ, ಪಾದ ನೆಟ್ಟಗಾದ ಮೇಲೂ ಅದನ್ನು ವರ್ಷಗಟ್ಟಲೆ ಏಕೆ ಹಾಕಬೇಕು ಎಂಬುದು ನಿಮಗೆ ಅರ್ಥವಾಗುತ್ತದೆ.

ಕ್ಲಬ್‌ಫೂಟ್ ಎಂದರೇನು?

ಹುಟ್ಟುವಾಗಲೇ ಮಗುವಿನ ಪಾದ ಒಳಕ್ಕೆ ಮತ್ತು ಕೆಳಕ್ಕೆ ತಿರುಗಿಕೊಂಡಿರುವ ಸ್ಥಿತಿ ಇದು. ಹಿಮ್ಮಡಿ ಮೇಲಕ್ಕೆ ಎಳೆದುಕೊಂಡಿರುತ್ತದೆ, ಅಂಗಾಲು ಒಳಮುಖವಾಗಿರುತ್ತದೆ. ಸುಮಾರು ಸಾವಿರ ಶಿಶುಗಳಲ್ಲಿ ಒಂದೆರಡಕ್ಕೆ ಹೀಗಾಗುತ್ತದೆ. ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಇದು ಸುಮಾರು ಎರಡು ಪಟ್ಟು ಹೆಚ್ಚು. ಅರ್ಧದಷ್ಟು ಮಕ್ಕಳಲ್ಲಿ ಎರಡೂ ಪಾದಗಳು ಹೀಗಿರುತ್ತವೆ.

ಗರ್ಭಿಣಿ ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದಳು, ಚಾಕು ಮುಟ್ಟಿದಳು ಎಂಬ ಮಾತುಗಳು ನಮ್ಮ ಕಡೆ ಇಂದಿಗೂ ಕೇಳಿಬರುತ್ತವೆ. ಇವುಗಳಿಗೂ ಕ್ಲಬ್‌ಫೂಟ್‌ಗೂ ಯಾವ ಸಂಬಂಧವೂ ಇಲ್ಲ. ಇದು ತಾಯಿಯ ತಪ್ಪಲ್ಲ.

ಮಕ್ಕಳಿಗಾಗಿಯೇ ಶಸ್ತ್ರವೈದ್ಯ

ಡೆನಿಸ್ ಬ್ರೌನ್ ಹುಟ್ಟಿದ್ದು 1892ರಲ್ಲಿ, ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ. ಸಿಡ್ನಿ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದಿದರು. ಓದು ಮುಗಿಯುವ ಹೊತ್ತಿಗೆ ಮೊದಲ ಮಹಾಯುದ್ಧ ಶುರುವಾಗಿತ್ತು. ಅವರು ಸೇನೆ ಸೇರಿ ಗ್ಯಾಲಿಪೊಲಿಗೆ ಹೋದರು. ಅಲ್ಲಿ ವಿಷಮಶೀತಜ್ವರಕ್ಕೆ ತುತ್ತಾದರೂ ಚೇತರಿಸಿಕೊಂಡು ಮತ್ತೆ ಕೆಲಸಕ್ಕೆ ನಿಂತರು.

ಯುದ್ಧ ಮುಗಿದ ಮೇಲೆ ಅವರು ಲಂಡನ್‌ನಲ್ಲಿ ಉಳಿದರು. 1922ರಲ್ಲಿ ಶಸ್ತ್ರವೈದ್ಯರ ಉನ್ನತ ಪರೀಕ್ಷೆ ಮುಗಿಸಿ, ಗ್ರೇಟ್ ಆರ್ಮಂಡ್ ಸ್ಟ್ರೀಟ್‌ನ ಮಕ್ಕಳ ಆಸ್ಪತ್ರೆ ಸೇರಿದರು. ಮುಂದಿನ ವೃತ್ತಿಜೀವನವೆಲ್ಲ ಬಹುಮಟ್ಟಿಗೆ ಅಲ್ಲಿಯೇ ಕಳೆಯಿತು. ಅವರು ಎತ್ತರದ ಆಳು, ವಿಂಬಲ್ಡನ್‌ನಲ್ಲಿ ಆಡಿದ ಟೆನಿಸ್ ಆಟಗಾರ ಕೂಡ.

ಆಗ ಬ್ರಿಟನ್ನಿನಲ್ಲಿ ದೊಡ್ಡವರ ಶಸ್ತ್ರವೈದ್ಯರೇ ಬಿಡುವಿದ್ದಾಗ ಮಕ್ಕಳನ್ನೂ ನೋಡುತ್ತಿದ್ದರು. ಮಗುವನ್ನು ಚಿಕ್ಕ ಗಾತ್ರದ ದೊಡ್ಡವರಂತೆ ಕಾಣುವುದು ಬ್ರೌನ್‌ಗೆ ಒಪ್ಪಿಗೆಯಾಗಲಿಲ್ಲ. ತಮ್ಮ ಇಡೀ ವೃತ್ತಿಯನ್ನು ಮಕ್ಕಳ ಶಸ್ತ್ರಚಿಕಿತ್ಸೆಗೇ ಮೀಸಲಿಟ್ಟ ಮೊದಲಿಗರಲ್ಲಿ ಅವರೂ ಒಬ್ಬರು. ಮಕ್ಕಳ ಅಳತೆಗೆ ತಕ್ಕ ಉಪಕರಣಗಳನ್ನು ತಾವೇ ರೂಪಿಸಿದರು. ಅವುಗಳಲ್ಲಿ ಕೆಲವು ಇಂದಿಗೂ ಅವರ ಹೆಸರಿನಲ್ಲೇ ಶಸ್ತ್ರಚಿಕಿತ್ಸಾ ಕೊಠಡಿಗಳಲ್ಲಿವೆ. 1950ರ ದಶಕದಲ್ಲಿ ಬ್ರಿಟನ್ನಿನ ಮಕ್ಕಳ ಶಸ್ತ್ರವೈದ್ಯರ ಸಂಘ ಹುಟ್ಟಿದಾಗ ಅದರ ಮೊದಲ ಅಧ್ಯಕ್ಷರಾದದ್ದೂ ಅವರೇ.

ಮಗುವಿನ ಒದೆತವನ್ನೇ ಬಳಸಿಕೊಂಡ ಉಪಾಯ

ಕ್ಲಬ್‌ಫೂಟ್‌ಗೆ ಆ ಕಾಲದಲ್ಲಿ ಕೊಡುತ್ತಿದ್ದ ಚಿಕಿತ್ಸೆ ಕಠಿಣವಾಗಿತ್ತು. ಪಾದವನ್ನು ಬಲವಂತವಾಗಿ ತಿರುಚಿ ಸರಿಪಡಿಸುವುದು, ಅಲುಗಾಡದಂತೆ ಬಿಗಿಯುವುದು, ಅದೂ ಆಗದಿದ್ದರೆ ಕೊಯ್ಯುವುದು. ಇದರಿಂದ ಪಾದ ನೇರವಾಗಿ ಕಂಡರೂ ಕೀಲುಗಳು ಗಟ್ಟಿಯಾಗುತ್ತಿದ್ದವು.

ಬ್ರೌನ್ ಬೇರೆ ದಾರಿ ಹಿಡಿದರು. ಕೂಸು ದಿನವಿಡೀ ಕಾಲು ಒದೆಯುತ್ತಲೇ ಇರುತ್ತದೆ. ಆ ಶಕ್ತಿಯನ್ನೇ ಚಿಕಿತ್ಸೆಗೆ ಏಕೆ ಬಳಸಬಾರದು ಎಂದು ಯೋಚಿಸಿದರು. ಪಾದಗಳನ್ನು ಅಂಟುಪಟ್ಟಿಯಿಂದ ಎರಡು ಲೋಹದ ತಗಡುಗಳಿಗೆ ಕಟ್ಟಿ, ಆ ತಗಡುಗಳನ್ನು ಒಂದು ಅಡ್ಡಪಟ್ಟಿಗೆ ಜೋಡಿಸಿದರು. ಈಗ ಮಗು ಒಂದು ಕಾಲು ಚಾಚಿದರೆ ಪಟ್ಟಿ ವಾಲಿ, ಇನ್ನೊಂದು ಪಾದವನ್ನು ಹೊರಕ್ಕೂ ಮೇಲಕ್ಕೂ ತಳ್ಳುತ್ತದೆ. ಮಗು ಒದ್ದಷ್ಟೂ ಪಾದಕ್ಕೆ ವ್ಯಾಯಾಮ. ಈ ಸಾಧನದ ವಿವರವನ್ನು ಅವರು 1934ರಲ್ಲಿ ಪ್ರಕಟಿಸಿದರು.

ಒಂದೇ ಪಾದ ಸೊಟ್ಟಗಿದ್ದರೂ ಎರಡೂ ಕಾಲಿಗೆ ಬೂಟು ಹಾಕುವುದು ಇದಕ್ಕೇ. ಸರಿಯಿರುವ ಕಾಲಿನ ಆಸರೆ ಇಲ್ಲದೆ ತೊಂದರೆಯ ಪಾದವನ್ನು ಹೊರಮುಖವಾಗಿ ಹಿಡಿದಿಡಲು ಆಗುವುದಿಲ್ಲ. ಸರಿಯಿರುವ ಪಾದಕ್ಕೆ ಇದರಿಂದ ಹಾನಿಯೂ ಇಲ್ಲ.

ಬ್ರೌನ್ ನಂತರ ಬದಲಾದದ್ದು

ಬ್ರೌನ್ ಎಣಿಸಿದ್ದೆಲ್ಲ ನಿಜವಾಗಲಿಲ್ಲ. ಗರ್ಭದೊಳಗೆ ಪಾದದ ಮೇಲೆ ಬೀಳುವ ಒತ್ತಡವೇ ಕ್ಲಬ್‌ಫೂಟ್‌ಗೆ ಕಾರಣ ಎಂದು ಅವರು ನಂಬಿದ್ದರು. ಇಂದು ವಂಶವಾಹಿಗಳ ಪಾತ್ರವೂ ಇದೆ ಎಂದು ವೈದ್ಯರು ಹೇಳುತ್ತಾರೆ. ತಮ್ಮ ಸಾಧನವೇ ಪಾದವನ್ನು ತಿದ್ದಬಲ್ಲದು ಎಂದೂ ಅವರು ಭಾವಿಸಿದ್ದರು. ಆದರೆ ಗಟ್ಟಿಯಾದ ಪಾದವನ್ನು ಬರೀ ಬ್ರೇಸ್‌ನಿಂದ ತಿದ್ದಲು ಹೊರಟಾಗ ಹಿಮ್ಮಡಿ ಪೂರ್ತಿ ಕೆಳಗಿಳಿಯದೆ ಉಳಿಯುತ್ತಿತ್ತು.

ಇದಕ್ಕೆ ಉತ್ತರ ಸಿಕ್ಕಿದ್ದು ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ. ಸ್ಪೇನ್ ಮೂಲದ ವೈದ್ಯ ಇಗ್ನಾಸಿಯೊ ಪೊನ್ಸೆಟಿ 1940ರ ದಶಕದ ಕೊನೆಯಲ್ಲಿ ಕ್ರಮ ಬದಲಿಸಿದರು. ಮೊದಲು ಪಾದವನ್ನು ಮೃದುವಾಗಿ ನೀವಿ, ಸ್ವಲ್ಪ ಸ್ವಲ್ಪವೇ ತಿರುಗಿಸಿ, ವಾರಕ್ಕೊಂದು ಪ್ಲಾಸ್ಟರ್ ಹಾಕುವುದು. ಸಾಮಾನ್ಯವಾಗಿ ಐದಾರು ಪ್ಲಾಸ್ಟರ್ ಸಾಕು. ಬಳಿಕ ಹೆಚ್ಚಿನ ಮಕ್ಕಳಿಗೆ ಹಿಮ್ಮಡಿಯ ಬಿಗಿಯಾದ ಸ್ನಾಯುರಜ್ಜುವನ್ನು ಸಣ್ಣ ಚಿಕಿತ್ಸೆಯಿಂದ ಸಡಿಲಿಸಿ, ಮೂರು ವಾರ ಕೊನೆಯ ಪ್ಲಾಸ್ಟರ್. ಅದಾದ ಮೇಲೆ ಬ್ರೌನ್ ಅವರ ಪಟ್ಟಿಯೇ ಬೇಕು. ಆದರೆ ಈಗ ಅದರ ಕೆಲಸ ಪಾದವನ್ನು ತಿದ್ದುವುದಲ್ಲ, ತಿದ್ದಿದ್ದು ಕೆಡದಂತೆ ಕಾಯುವುದು. ಇಂದು ಜಗತ್ತಿನ ಹೆಚ್ಚಿನ ಕಡೆ ನಡೆಯುವುದು ಇದೇ ಪದ್ಧತಿ.

ಎಷ್ಟು ಹೊತ್ತು, ಎಷ್ಟು ವರ್ಷ?

ಮೊದಲ ಮೂರು ತಿಂಗಳು ದಿನಕ್ಕೆ 23 ಗಂಟೆ. ಉಳಿದ ಒಂದು ಗಂಟೆ ಸ್ನಾನಕ್ಕೆ. ನಂತರ ರಾತ್ರಿ ಮತ್ತು ಹಗಲಿನ ನಿದ್ದೆ ಸೇರಿ ದಿನಕ್ಕೆ 12ರಿಂದ 14 ಗಂಟೆ. ಇದನ್ನು ಸಾಮಾನ್ಯವಾಗಿ ನಾಲ್ಕು ವರ್ಷದವರೆಗೆ ಮುಂದುವರಿಸಬೇಕು. ನಿಮ್ಮ ಮಗುವಿಗೆ ಎಷ್ಟು ಎಂಬುದನ್ನು ನಿಮ್ಮ ವೈದ್ಯರೇ ಹೇಳಬೇಕು.

ಹೆಚ್ಚಿನ ಕುಟುಂಬಗಳು ಎಡವುವುದು ಇಲ್ಲಿಯೇ. ಪಾದ ನೆಟ್ಟಗೆ ಕಾಣುತ್ತದೆ, ಮಗು ನಡೆಯುತ್ತದೆ, ರಾತ್ರಿ ಬೂಟು ಹಾಕಿದರೆ ಅಳುತ್ತದೆ. ಪಾಪ, ಇನ್ನು ಸಾಕು ಎಂದು ಮನೆಯವರಿಗೆ ಅನ್ನಿಸುತ್ತದೆ. ಅಯೋವಾದಿಂದ 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೇಳಿದಂತೆ ಬ್ರೇಸ್ ಹಾಕಿದ ಮಕ್ಕಳಲ್ಲಿ ಕೇವಲ ಶೇ. 6ರಷ್ಟು ಮಂದಿಗೆ ಪಾದ ಮತ್ತೆ ತಿರುಗಿತ್ತು. ಹಾಗೆ ಹಾಕದವರಲ್ಲಿ ಈ ಪ್ರಮಾಣ ಶೇ. 80ಕ್ಕಿಂತ ಹೆಚ್ಚಿತ್ತು. ಪಾದ ಮತ್ತೆ ತಿರುಗಿದರೆ ಪ್ಲಾಸ್ಟರ್ ಮತ್ತೆ ಮೊದಲಿನಿಂದ.

ಮನೆಯಲ್ಲಿ ಗಮನಿಸಬೇಕಾದದ್ದು

- ಮೊದಲ ಎರಡು ಮೂರು ರಾತ್ರಿ ಮಗು ಅಳುವುದು ಸಹಜ. ಅತ್ತಾಗಲೆಲ್ಲ ಬಿಚ್ಚಿದರೆ, ಅತ್ತರೆ ಬಿಚ್ಚುತ್ತಾರೆ ಎಂಬುದನ್ನು ಮಗು ಕಲಿತುಬಿಡುತ್ತದೆ.
- ಎರಡೂ ಕಾಲನ್ನು ಒಟ್ಟಿಗೆ ಮಡಚಿ ಚಾಚುವ ಆಟ ಆಡಿಸಿ. ಪಟ್ಟಿ ಇರುವುದರಿಂದ ಕಾಲುಗಳು ಜೊತೆಯಾಗಿ ಚಲಿಸಬೇಕೆಂದು ಮಗು ಬೇಗ ಕಲಿಯುತ್ತದೆ.
- ತೆಳುವಾದ ಹತ್ತಿಯ ಕಾಲುಚೀಲ ಹಾಕಿ. ಮೊದಲು ಮಧ್ಯದ ಪಟ್ಟಿ ಬಿಗಿಯಿರಿ. ಹಿಮ್ಮಡಿ ಬೂಟಿನ ತಳಕ್ಕೆ ತಾಗಿದೆಯೇ, ಬೆರಳುಗಳು ಅಲ್ಲಾಡುತ್ತಿವೆಯೇ ನೋಡಿ.
- ಸ್ನಾನಕ್ಕೆ ಹಚ್ಚಿದ ಎಣ್ಣೆಯನ್ನು ಪಾದದಿಂದ ಪೂರ್ತಿ ತೊಳೆದು, ಒರೆಸಿ, ಆಮೇಲೆ ಬೂಟು ಹಾಕಿ. ಎಣ್ಣೆ ತಿಕ್ಕಿ ಪಾದ ಎಳೆಯುವುದು ಬ್ರೇಸ್‌ಗೆ ಬದಲಿ ಅಲ್ಲ.
- ತುಸು ಕೆಂಪಾದರೆ ಗಾಬರಿ ಬೇಡ. ಬೊಬ್ಬೆ ಅಥವಾ ಹುಣ್ಣು ಕಂಡರೆ ತಡಮಾಡದೆ ತೋರಿಸಿ.
- ಪಾದ ಪದೇ ಪದೇ ಬೂಟಿನಿಂದ ಜಾರುತ್ತಿದ್ದರೆ, ಹಿಮ್ಮಡಿ ಮೇಲೇಳುತ್ತಿದ್ದರೆ ಬಲವಂತವಾಗಿ ಬಿಗಿಯಬೇಡಿ. ಪಾದ ಮತ್ತೆ ತಿರುಗುತ್ತಿರುವ ಸೂಚನೆ ಇರಬಹುದು. ಬೂಟು ಚಿಕ್ಕದಾಗಿದ್ದರೂ ಬದಲಿಸಬೇಕು.

ಊರು ಬದಲಾದರೂ ಚಿಕಿತ್ಸೆ ನಿಲ್ಲದಿರಲಿ

ನಾಲ್ಕು ವರ್ಷ ಎಂದರೆ ಕುಟುಂಬವೊಂದು ಊರು ಬದಲಿಸಲು ಸಾಕಾಗುವಷ್ಟು ಕಾಲ. ಬಾಣಂತನ ಕರ್ನಾಟಕದ ತವರಿನಲ್ಲಿ, ಕೆಲಸ ಕೊಚ್ಚಿಯ ಪಕ್ಕದ ಏಲೂರ್ ಕಾರ್ಖಾನೆಯಲ್ಲಿ ಎಂದಾದರೆ, ಪ್ಲಾಸ್ಟರ್ ಒಂದು ರಾಜ್ಯದಲ್ಲಿ, ಬ್ರೇಸ್ ಇನ್ನೊಂದರಲ್ಲಿ ಆಗುತ್ತದೆ. ಈ ಓಡಾಟದ ನಡುವೆ ತಪಾಸಣೆ ತಪ್ಪಿಹೋಗುವ ಸಾಧ್ಯತೆ ಹೆಚ್ಚು.

ದೇಶದಾದ್ಯಂತ ಜಾರಿಯಲ್ಲಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಕ್ಲಬ್‌ಫೂಟ್ ಸೇರಿದೆ. 2013ರಲ್ಲಿ ಶುರುವಾದ ಈ ಯೋಜನೆಯಡಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ಮತ್ತು ಚಿಕಿತ್ಸೆ ಉಚಿತ. ಕರ್ನಾಟಕದಲ್ಲಿದ್ದರೆ ಆಶಾ ಕಾರ್ಯಕರ್ತೆ ಅಥವಾ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಏಲೂರ್ ಕಡೆ ಇದ್ದರೆ ಸರ್ಕಾರಿ ವೈದ್ಯಕೀಯ ಕಾಲೇಜು ಪಕ್ಕದ ಕಳಮಶ್ಶೇರಿಯಲ್ಲೇ ಇದೆ. ತಿರುವನಂತಪುರದಲ್ಲಿದ್ದರೆ ಅಲ್ಲಿನ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಮೂಳೆ ವಿಭಾಗದಲ್ಲಿ ಕೇಳಬಹುದು. ಎಷ್ಟು ಪ್ಲಾಸ್ಟರ್ ಆಯಿತು, ಬ್ರೇಸ್ ಯಾವಾಗ ಶುರುವಾಯಿತು, ಬೂಟಿನ ಅಳತೆ ಎಷ್ಟು ಎಂಬ ಚೀಟಿಗಳನ್ನು ಜೊತೆಗಿಟ್ಟುಕೊಳ್ಳಿ. ಭಾಷೆ ಬಾರದಿದ್ದರೂ ಆ ಚೀಟಿ ವೈದ್ಯರಿಗೆ ವಿಷಯ ತಿಳಿಸುತ್ತದೆ.

ಬ್ರೌನ್ 1961ರಲ್ಲಿ ಸರ್ ಪದವಿ ಪಡೆದರು. 1967ರ ಜನವರಿಯಲ್ಲಿ ತೀರಿಕೊಂಡರು. ಮರುವರ್ಷದಿಂದ ಅವರ ಹೆಸರಿನಲ್ಲಿ ಮಕ್ಕಳ ಶಸ್ತ್ರವೈದ್ಯರಿಗೆ ಚಿನ್ನದ ಪದಕ ಕೊಡಲಾಗುತ್ತಿದೆ. ಅವರ ಪಟ್ಟಿ ಮಾತ್ರ ಈಗಲೂ ಮನೆಮನೆಯಲ್ಲಿ, ಮಕ್ಕಳು ಮಲಗಿದ ಮೇಲೆ ಕೆಲಸ ಮಾಡುತ್ತಿದೆ. ಇಂದು ರಾತ್ರಿ ಮಗುವನ್ನು ಮಲಗಿಸುವ ಮುನ್ನ ಬೂಟು ಹಾಕಲು ಮರೆಯಬೇಡಿ. ನಿಲ್ಲಿಸುವ ದಿನವನ್ನು ನಿಮ್ಮ ವೈದ್ಯರು ಹೇಳಲಿ.